ನಾಗೇಶ ಸರಪಳಿ ದಾಟಿದ್ದು ನಿಜ

ಟ್ರೇಲರ್ ಸುರಕ್ಷತಾ ಕೈಪಿಡಿಯನ್ನು ಕನ್ನಡಕ್ಕೆ ತಂದು ನಮ್ಮ ಕೈಗಿತ್ತ ಅಧಿಕಾರಿಗಳಿಗೆ,

ಮಾನ್ಯರೇ,

ಭಾವಿಕೇರಿಯ ಪಿಕಪ್ ಚಾಲಕ ನಾಗೇಶ ಹುಲಿಯಾ ಗೌಡ ನಿಮ್ಮ ಕೈಪಿಡಿಯ ಏಳನೆಯ ನಿಯಮವನ್ನು ಪಾಲಿಸಲಿಲ್ಲ, ಆದ್ದರಿಂದ ಅವನ ಚಾಲನಾ ಪರವಾನಗಿಯನ್ನು ಆರು ತಿಂಗಳು ಏಕೆ ಅಮಾನತಿನಲ್ಲಿಡಬಾರದು ಎಂದು ನಿಮ್ಮ ಕಚೇರಿ ನೋಟಿಸು ಕೊಟ್ಟಿದೆ. ಬರುವ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ವಿಚಾರಣೆ. ನನ್ನ ದೂರು ಚಿಕ್ಕದು. ನಾಗೇಶ ಏಳನೆಯ ನಿಯಮವನ್ನು ಪಾಲಿಸಿದ್ದಾನೆ. ಈ ತಾಲೂಕಿನಲ್ಲಿ ಯಾವ ಸರ್ಕಾರಿ ನಿಯಮವನ್ನೂ ಯಾರೂ ಇಷ್ಟು ಭಕ್ತಿಯಿಂದ ಪಾಲಿಸಿದ್ದನ್ನು ನಾನು ಕಂಡಿಲ್ಲ. ಅವನು ಪಾಲಿಸಿದ್ದರಿಂದಲೇ ಟ್ರೇಲರಿನ ಮೇಲಿದ್ದ ದೋಣಿ ಜಾರಿ ಬಿತ್ತು.

ನಿಯಮವನ್ನು ನೀವೇ ಬರೆಸಿದ್ದರೂ ಓದಿರುತ್ತೀರಿ ಎಂದು ಭಾವಿಸುವುದು ಉದ್ಧಟತನವಾದೀತು. ಆದ್ದರಿಂದ ಇಲ್ಲಿ ಕೊಡುತ್ತೇನೆ: "ಹೊರಡುವ ಮುನ್ನ ಚಾಲಕನು ಎರಡೂ ಸುರಕ್ಷತಾ ಸರಪಳಿಗಳನ್ನು ನಾಲಿಗೆಯ ಅಡಿಯಲ್ಲಿ ಕಡ್ಡಾಯವಾಗಿ ದಾಟತಕ್ಕದ್ದು."

ನಾಗೇಶನ ಬಳಿ ಒಂದು ಮಧ್ಯಮ ಗಾತ್ರದ ಪಿಕಪ್ ಇದೆ, ಅದರ ಹಿಂದೆ ಕಟ್ಟುವ ಒಂದು ಟ್ರೇಲರ್ ಇದೆ. ದೇವಬಾಗ, ಚಿತ್ತಾಕುಲದ ಕಡೆಯ ಫೈಬರ್ ದೋಣಿಗಳನ್ನು ದುರಸ್ತಿಗೆ ಅಂಕೋಲೆಗೆ ತರುವುದು, ದುರಸ್ತಿಯಾದದ್ದನ್ನು ಮರಳಿ ಮುಟ್ಟಿಸುವುದು ಅವನ ಕೆಲಸ. ಟ್ರೇಲರ್ ನೋಂದಣಿಗೆ ಹೋದಾಗ ನಿಮ್ಮ ಕಚೇರಿಯಲ್ಲಿ ಇಪ್ಪತ್ತನಾಲ್ಕು ಪುಟಗಳ ಈ ಕೈಪಿಡಿಯನ್ನು ಕೊಟ್ಟು, ಓದಿದ್ದೇನೆ ಎಂದು ಸಹಿ ಹಾಕಿಸಿಕೊಂಡರು. ಸಹಿ ಹಾಕಿದ ಮೇಲೆ ಓದಬೇಕಲ್ಲ ಎಂಬ ಹಳೆಯ ಕಾಲದ ನಂಬಿಕೆಯವನು ನಾಗೇಶ. ಮನೆಗೆ ಬಂದು ಓದಿದ. ಅವನ ತಾಯಿ ಹೊನ್ನಿ ಅಂಗಳದಲ್ಲಿ ಕೂತು ಕೇಳಿದಳು. ಆಮೇಲೆ ಬಿದ್ದ ದೋಣಿಯ ಮಾಲೀಕ, ದೇವಬಾಗದ ಪುಂಡಲೀಕ ಅಂದು ಅಲ್ಲೇ ಇದ್ದ. ನಾನು ಪಕ್ಕದ ಮನೆಯವನು. ಬೇಲಿಯ ಈಚೆ ಕುರ್ಚಿ ಹಾಕಿಕೊಂಡು ಕಾದಂಬರಿ ಓದುತ್ತಿದ್ದೆ.

ಮೂರನೆಯ ನಿಯಮ "ಅಂಧ ಕಲೆಗಳ ಬಗ್ಗೆ ಸದಾ ಎಚ್ಚರವಿರಲಿ" ಎನ್ನುತ್ತದೆ. ನಾಗೇಶ ಮರುದಿನ ಪಿಕಪ್ಪನ್ನು ಎರಡು ಸಲ ತೊಳೆದ. ಕನ್ನಡಿಯಲ್ಲಿ ಕಾಣದ ಜಾಗದ ಬಗ್ಗೆ ನೀವು ಹೇಳುತ್ತಿದ್ದಿರಿ ಎಂದು ಅವನಿಗೆ ಹೇಗೆ ತಿಳಿಯಬೇಕು? ಐದನೆಯ ನಿಯಮ: "ನಾಲಿಗೆಯ ತೂಕವು ಒಟ್ಟು ಹೊರೆಯ ಶೇಕಡಾ ಹತ್ತರಿಂದ ಹದಿನೈದರಷ್ಟಿರಬೇಕು."

"ಅರೆ ನಾಗೇಶ, ನಿನ್ನ ಅವ್ವಿ ನಾಲಿಗೆ ಒಂದು ಇಟ್ರೆ ಸಾಕು," ಎಂದ ಪುಂಡಲೀಕ. "ಪಿಕಪ್ಪಿನ ಮುಂದಿನ ಗಾಲಿ ಮೇಲೆ ಏಳ್ತದೆ."

"ನಿನ್ನ ನಾಲಗಿ ಮೊದ್ಲ ತೂಗ್ಸಾ," ಎಂದಳು ಹೊನ್ನಿ. "ದೇವಬಾಗದ ತಕ್ಕಡಿಲಿ ಹಿಡ್ಸೂಕಿಲ್ಲ ಅದು."

ನಾಗೇಶ ನಗಲಿಲ್ಲ. ಮಾತನ್ನು ತೂಗಿ ಆಡು ಎಂದು ನಮ್ಮಲ್ಲಿ ಹೇಳುವುದುಂಟಲ್ಲ, ಗಾಡಿ ಓಡಿಸುವಾಗ ಹರಟಬೇಡ ಎಂದು ಸರ್ಕಾರ ಸೂಚಿಸುತ್ತಿದೆ ಎಂದು ತೀರ್ಮಾನಿಸಿದ. ಅಂದಿನಿಂದ ಟ್ರೇಲರ್ ಕಟ್ಟಿದ ಮೇಲೆ ಅವನ ಬಾಯಿ ಬಂದ್. ಜೊತೆಗೆ ಕೂತ ಪುಂಡಲೀಕ ಕಾಳಿ ಸೇತುವೆ ದಾಟುವಷ್ಟರಲ್ಲೇ "ಕಿತೆಂ ರೇ, ನಿನ್ನ ಜೊತೆ ಬರೂದಕ್ಕಿಂತ ದೋಣಿ ಒಳಗೆ ಕೂತು ಬರೂದೇ ಚಲೋ" ಎಂದು ಕೊಂಕಣಿ ಬೆರೆಸಿ ಗೊಣಗುತ್ತಿದ್ದನಂತೆ.

ಆಮೇಲೆ ಬಂತು ಏಳನೆಯ ನಿಯಮ. ಇಲ್ಲಿ ಹೊನ್ನಿ ಎದ್ದು ನಿಂತಳು. ಆ ಮನೆಯಲ್ಲಿ ದನ ಕಟ್ಟುವ ಕಣ್ಣಿಯನ್ನು ಯಾರೂ ದಾಟುವುದಿಲ್ಲ. ಬಾವಿಯ ಹಗ್ಗವನ್ನು, ಒಣಗಲು ಹರಡಿದ ಬಲೆಯನ್ನು, ಮಲಗಿದ ಮನುಷ್ಯನನ್ನು ದಾಟುವುದಿಲ್ಲ. ಸುತ್ತಿ ಹೋಗಬೇಕು.

"ದುಡಿಯೂ ಸಾಮಾನು ಕಾಲಾಗೆ ದಾಟೂಕಾಗ," ಎಂದಳು. "ಯಾರ ಹೇಳ್ಕೊಟ್ರಾ ಇದ?"

"ಸಾಹೇಬ್ರೇ ಬರದ್ರಲ್ಲೇ ಅವ್ವಿ. ಕಡ್ಡಾಯ ಅಂದ್ರೆ ಮಾಡ್ಲೇ ಬೇಕು."

"ನಾಲಗಿ ಅಡಿಗೆ ಅಂದಿದ್ರಲಾ, ಅದೆಂತದು?"

ಉತ್ತರವನ್ನೂ ಅವಳೇ ಕಂಡುಕೊಂಡಳು. ದಾಟಬಾರದ್ದನ್ನು ದಾಟಬೇಕಾದಾಗ ದೇವರ ಹೆಸರು ಹೇಳಿ ತಪ್ಪು ಕಾಯಿ ತಾಯಿ ಎನ್ನುವುದುಂಟು. ದನಿ ಹೊರಗೆ ಬರದ ಹಾಗೆ, ನಾಲಿಗೆಯ ಅಡಿಯಲ್ಲೇ. ಸರ್ಕಾರ ತಪ್ಪನ್ನೂ ಹೇಳಿದೆ, ಪ್ರಾಯಶ್ಚಿತ್ತವನ್ನೂ ಹೇಳಿದೆ! ನಿಮ್ಮ ಬಗ್ಗೆ ಅವಳ ಗೌರವ ಅಂದು ಹೆಚ್ಚಾಯಿತು. ಇದನ್ನು ದಯವಿಟ್ಟು ಕಡತದಲ್ಲಿ ಸೇರಿಸಿಕೊಳ್ಳಿ.

ಹೀಗೆ ಶುರುವಾಯಿತು. ಟ್ರೇಲರ್ ಕಟ್ಟುವುದು, ಎರಡು ಸರಪಳಿಗಳ ಕೊಕ್ಕೆಗಳನ್ನು ಪಿಕಪ್ಪಿಗೆ ಹಾಕುವುದು, ಸರಪಳಿಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ಭೂಮ್ತಾಯಿಯ ಹೆಸರನ್ನು ದನಿಯಿಲ್ಲದೆ ಹೇಳುತ್ತ ಮೊದಲು ಬಲಗಾಲೆತ್ತಿ ಬಲ ಸರಪಳಿ, ಆಮೇಲೆ ಎಡ ಸರಪಳಿ ದಾಟುವುದು. ತಿಂಗಳೊಳಗೆ ಚಿತ್ತಾಕುಲದ ಇಬ್ಬರು ಚಾಲಕರೂ ದೇವಬಾಗದ ಮೂವರೂ ಇದನ್ನೇ ಮಾಡತೊಡಗಿದರು. ನಿಮ್ಮ ಕಚೇರಿಯ ಯಾವ ಜಾಗೃತಿ ಸಪ್ತಾಹಕ್ಕೆ ಈ ಯಶಸ್ಸು ಸಿಕ್ಕಿದೆ?

ಈಗ ಅಪಘಾತದ ವಿಷಯ. ಕಳೆದ ತಿಂಗಳು ಬೆಳಿಗ್ಗೆ ಒಂಬತ್ತರ ಸುಮಾರಿಗೆ ಪುಂಡಲೀಕನ ದೋಣಿ ಹೇರಿಕೊಂಡು ನಾಗೇಶ ಊರಿನ ರಸ್ತೆಗೆ ತಿರುಗಿದ. ವೇಗ ಹೆಚ್ಚಿರಲಿಲ್ಲ. ಬಸ್ ತಂಗುದಾಣದ ಹತ್ತಿರದ ಹಂಪಿನ ಮೇಲೆ ಪಿಕಪ್ ಕುಲುಕಿತು, ಟ್ರೇಲರಿನ ಕೊಂಡಿ, ಪಿಕಪ್ಪಿನ ಹಿಂದೆ ಅದನ್ನು ಕೂರಿಸುವ ಕಬ್ಬಿಣದ ಗುಂಡಿನ ಮೇಲಿಂದ ಜಿಗಿದು ಕಳಚಿತು. ಕೊಂಡಿಯ ಪಿನ್ ಸವೆದಿತ್ತು. ಅದು ನಾಗೇಶನ ತಪ್ಪು, ಅವನು ಒಪ್ಪಿಕೊಂಡಿದ್ದಾನೆ, ಮರುದಿನವೇ ಹೊಸದು ಹಾಕಿಸಿದ್ದಾನೆ. ಆದರೆ ಸರಪಳಿ ಇರುವುದೇ ಇಂಥ ಹೊತ್ತಿಗೆ. ಎರಡೂ ಸರಪಳಿ ತುಂಡಾಗಲಿಲ್ಲ. ಆದರೆ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ನೇರವಾಗಿ ಜೋತು ಬಿದ್ದಿದ್ದವು. ಟ್ರೇಲರಿನ ಮುಂದಿನ ಕಂಬಿ ಅವೆರಡರ ನಡುವಿನ ಖಾಲಿ ಜಾಗದಲ್ಲಿ ಕೆಳಗಿಳಿದು ಡಾಂಬರಿಗೆ ಚುಚ್ಚಿತು. ಟ್ರೇಲರ್ ಅಡ್ಡ ತಿರುಗಿತು. ಕಟ್ಟಿದ ಹಗ್ಗ ಹರಿದು ದೋಣಿ ಜಾರಿ, ರಸ್ತೆ ಬಿಟ್ಟು, ತಂಗುದಾಣದ ಒಳಗೆ ಮೂತಿ ತೂರಿಸಿ ನಿಂತಿತು.

ಒಳಗೆ ಬೊಮ್ಮಿ ಕೂತಿದ್ದಳು. ಅಂಕೋಲೆಯ ಪೇಟೆಗೆ ದಿನವೂ ಬಸಳೆ, ಹರಿವೆ ಒಯ್ಯುವವಳು. ಅವಳ ಬುಟ್ಟಿ ದೋಣಿಯ ಕೆಳಗೆ ಹೋಯಿತು. ಅವಳ ಮೊಣಕಾಲಿಗೂ ದೋಣಿಯ ಮೂತಿಗೂ ನಡುವೆ ಉಳಿದದ್ದು ಎರಡು ಗೇಣು. ಊರಿನವರು ಓಡಿ ಹೋದಾಗ ಅವಳು ಹೇಳಿದ ಮಾತು ಈಗ ಅಂಕೋಲೆಯ ಪೇಟೆಯೆಲ್ಲ ಸುತ್ತಿದೆ: "ಬಸ್ಸಿಗೆ ಕಾಯ್ತಾ ಕುಂತಿದ್ದೆ. ದೋಣಿ ಬಂತು."

ನಾವೂ ನಕ್ಕೆವು. ಆದರೆ ಬೊಮ್ಮಿ ಆ ದಿನದಿಂದ ತಂಗುದಾಣದೊಳಗೆ ಕೂರುವುದಿಲ್ಲ. ಬಿಸಿಲಿರಲಿ ಮಳೆಯಿರಲಿ, ರಸ್ತೆಯಾಚೆಯ ಹಲಸಿನ ಮರದ ಹಿಂದೆ ನಿಂತು ಬಸ್ಸಿಗೆ ಕಾಯುತ್ತಾಳೆ.

ನೋಟಿಸು ಬಂದ ಮೇಲೆ ನಾಗೇಶನೊಂದಿಗೆ ನಿಮ್ಮ ಕಚೇರಿಗೆ ನಾನೂ ಬಂದಿದ್ದೆ. ನೀವು ಪ್ರವಾಸದಲ್ಲಿದ್ದಿರಿ. ನಿಮ್ಮ ಕೈಕೆಳಗಿನವರು ಅಪಘಾತದ ಫೋಟೋವನ್ನು ಮುಂದಿಟ್ಟು ಕೇಳಿದರು:

"ಸರಪಳಿ ಕ್ರಾಸ್ ಮಾಡಿದ್ಯಾ ಇಲ್ಲವಾ?"

"ಮಾಡಿದ್ದೆ ಸಾಹೇಬ್ರೆ. ಎರಡೂ."

"ಸುಳ್ಳು ಹೇಳ್ಬೇಡ. ಫೋಟೋದಲ್ಲಿ ಕಾಣ್ತಾ ಇದೆ, ಕ್ರಾಸ್ ಆಗಿಲ್ಲ."

"ಫೋಟೋದಲ್ಲಿ ಹ್ಯಾಂಗೆ ಕಾಣ್ತದೆ ಸಾಹೇಬ್ರೆ? ನಾ ದಾಟಿದ್ದು ದೇವಬಾಗದಲ್ಲಿ."

"ಏನ್ ದಾಟಿದ್ದು?"

ಮಾತಿನಲ್ಲಿ ಹೇಳಿದರೆ ತಿಳಿಯಲಿಕ್ಕಿಲ್ಲ ಎಂದು ನಾಗೇಶ ಮಾಡಿಯೇ ತೋರಿಸಿದ. ನಿಮ್ಮ ಕಚೇರಿಯಲ್ಲಿ ಜನರ ಸಾಲಿಗೆಂದು ಕಟ್ಟಿದ ಹಗ್ಗವಿದೆಯಲ್ಲ, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ತುಟಿ ಅಲ್ಲಾಡಿಸುತ್ತ, ಬಲಗಾಲೆತ್ತಿ ಈಚೆಯಿಂದ ಆಚೆಗೆ ದಾಟಿದ. ಸಾಲಿನಲ್ಲಿದ್ದವರು ನಕ್ಕರು. ನಿಮ್ಮವರು ಕಡತದಲ್ಲಿ "ಆರೋಪಿತ ಚಾಲಕನು ಕಚೇರಿಯಲ್ಲಿ ಅಣಕವಾಡಿ ಉದ್ಧಟತನ ತೋರಿದನು" ಎಂದು ಬರೆದರು. ನಾಗೇಶ ಹೊರಗೆ ಬಂದು ಕಟ್ಟೆಯ ಮೇಲೆ ಕೂತ. "ಗುರಣ್ಣ, ನಾ ಎಂತಾ ತಪ್ಪು ಮಾಡ್ದೆ?" ಎಂದ. ಆಗ ನಾನು ಅವನ ಕೈಯಿಂದ ಕೈಪಿಡಿಯನ್ನು ತೆಗೆದುಕೊಂಡು ಮೊದಲ ಬಾರಿಗೆ ಓದಿದೆ.

ಮಾನ್ಯರೇ, ನಾನು ಹೆಚ್ಚಾಗಿ ಓದುವುದು ಅನುವಾದಗಳನ್ನು. ಅದರಿಂದ ಒಂದು ಅಭ್ಯಾಸ ಬಿದ್ದಿದೆ. ವಾಕ್ಯ ಎಲ್ಲಿ ಎಡವುತ್ತದೋ ಅಲ್ಲಿ ನಿಂತು, ಅದರ ಬೆನ್ನ ಹಿಂದಿರುವ ಮೂಲವಾಕ್ಯ ಯಾವುದಿರಬಹುದು ಎಂದು ಊಹಿಸುತ್ತೇನೆ. ಒಮ್ಮೆ ಒಂದು ಕಾದಂಬರಿಯಲ್ಲಿ, ಮದುವೆಯ ಮುನ್ನಾದಿನ ವರನ ಪಾದಗಳು ತಣ್ಣಗಾದವು ಎಂದಿತ್ತು. ಪಾದ ತಣ್ಣಗಾದರೆ ನಮ್ಮಲ್ಲಿ ಬಂಧುಗಳಿಗೆ ಹೇಳಿ ಕಳಿಸುತ್ತಾರೆ. ಮೂರು ಅಧ್ಯಾಯ ಅವನ ಸಾವಿಗಾಗಿ ಕಾದೆ. ಅವನು ಸಾಯಲಿಲ್ಲ, ಧೈರ್ಯ ಸಾಲದೆ ಮದುವೆ ಬಿಟ್ಟು ಓಡಿದ್ದ. ಆ ಭಾಷೆಯಲ್ಲಿ ಪಾದ ತಣ್ಣಗಾಗುವುದೆಂದರೆ ಅಷ್ಟೇ. ಕಾದಂಬರಿಯಲ್ಲಿ ಇಂಥದ್ದಾದರೆ ಓದುಗನ ಮೂರು ಅಧ್ಯಾಯ ಹಾಳಾಗುತ್ತವೆ. ಕೈಪಿಡಿಯಲ್ಲಾದರೆ ತಂಗುದಾಣಕ್ಕೆ ದೋಣಿ ಬರುತ್ತದೆ.

ನಿಮ್ಮ ಏಳನೆಯ ನಿಯಮದ ಮೂಲದಲ್ಲಿ 'ಕ್ರಾಸ್' ಎಂಬ ಇಂಗ್ಲಿಷ್ ಪದವಿದ್ದಿರಬೇಕು. ಅದಕ್ಕೆ ದಾಟು ಎಂಬ ಅರ್ಥವೂ ಇದೆ, ಕತ್ತರಿಯಂತೆ ಒಂದರ ಮೇಲೊಂದು ಅಡ್ಡ ಹಾಯಿಸು ಎಂಬ ಅರ್ಥವೂ ಇದೆ. ನಿಮ್ಮ ಅನುವಾದಕರು ಮೊದಲನೆಯದನ್ನು ಆರಿಸಿದರು. ಎರಡರಲ್ಲೊಂದು ಸರಿಯಾಗುವ ಅವಕಾಶವಿತ್ತು, ತಪ್ಪಿತು. ಇನ್ನು ನಾಲಿಗೆ. ಟ್ರೇಲರಿನ ಮುಂದೆ ಚಾಚಿಕೊಂಡ ಕಂಬಿಗೆ ಇಂಗ್ಲಿಷಿನವರು ನಾಲಿಗೆ ಎನ್ನುತ್ತಾರಂತೆ. ಇದನ್ನು ನಾನು ಹೊನ್ನಿಗೆ ಬಿಡಿಸಿ ಹೇಳಿದಾಗ ಅವಳು ನನ್ನನ್ನು ಮರುಕದಿಂದ ನೋಡಿದಳು.

"ಗಾಡಿಗೆ ನಾಲಗಿ ಎಲ್ಲಿಂದ ಬಂತಾ ಗುರಪ್ಪ? ಗಾಡಿಗಿರೂದು ಮೂಕಿ."

ಎತ್ತಿನ ಗಾಡಿಯ ಮುಂದೆ, ನೊಗ ಕಟ್ಟುವ ಕಡೆ ಚಾಚಿಕೊಂಡಿರುವುದು ಮೂಕಿ. ಅವರು ನಾಲಿಗೆ ಎಂದಿದ್ದನ್ನು ನಮ್ಮವರು ಮೂಕಿ ಎಂದಿದ್ದಾರೆ. ಇಂಥ ಪದವನ್ನು ಮನೆಯಲ್ಲಿಟ್ಟುಕೊಂಡು ನೀವು ನಾಲಿಗೆಯನ್ನು ಎರವಲು ತಂದಿರಿ.

ಹೊನ್ನಿಯ ಗಂಡ ಹುಲಿಯಾ ಗಾಡಿ ಹೊಡೆಯುತ್ತಿದ್ದವನು. ಹೇರು ತುಂಬಿದ ಮೇಲೆ ಎತ್ತು ಹೂಡುವ ಮುಂಚೆ ಅವನು ಮೂಕಿಯನ್ನು ಕೈಯಲ್ಲಿ ಎತ್ತಿ ನೋಡುತ್ತಿದ್ದನಂತೆ. "ಹಗುರಾದ್ರೆ ಹಿಂದೆ ಹೇರು ಜಾಸ್ತಿ, ನೊಗ ಮೇಲೆದ್ದು ಎತ್ತಿನ ಕುತ್ಗಿಗೆ ಉರುಳು. ಭಾರಾದ್ರೆ ಹೆಗ್ಲು ಹುಣ್ಣು. ಸಮಾ ಇರ್ಬೇಕು, ಚೂರು ಮುಂದೆ," ಎನ್ನುತ್ತಿದ್ದನಂತೆ. ನಿಮ್ಮ ಐದನೆಯ ನಿಯಮವನ್ನು ಹುಲಿಯಾ ನೀವು ಮುದ್ರಿಸುವುದಕ್ಕೆ ಐವತ್ತು ವರ್ಷ ಮೊದಲೇ ಪಾಲಿಸುತ್ತಿದ್ದ. ನಾಗೇಶನೂ ಟ್ರೇಲರಿನ ಮೂಕಿಯನ್ನು ಎತ್ತಿ ನೋಡಿಯೇ ಹೊರಡುತ್ತಾನೆ, ಅಪ್ಪನಿಂದ ಬಂದ ರೂಢಿ. ಆದ್ದರಿಂದಲೇ ಅವನ ಟ್ರೇಲರ್ ಒಮ್ಮೆಯೂ ಬಾಲ ಅಲ್ಲಾಡಿಸಿಲ್ಲ. ಯಾವ ವಿಷಯದಲ್ಲಿ ಅವನು ಅಪ್ಪನನ್ನು ನಂಬಿದನೋ ಅಲ್ಲಿ ಸುರಕ್ಷಿತನಾಗಿದ್ದ. ಸರಪಳಿ ಎತ್ತಿನ ಗಾಡಿಗೆ ಇರಲಿಲ್ಲ, ಅಲ್ಲಿ ನಿಮ್ಮನ್ನು ನಂಬಿದ.

ನಿಮ್ಮನ್ನಷ್ಟೇ ದೂರುವುದು ನ್ಯಾಯವಲ್ಲ. ಕೈಪಿಡಿ ಬಂದ ದಿನವೇ ನಾಗೇಶ ಅದನ್ನು ಬೇಲಿಯ ಮೇಲಿಂದ ನನ್ನ ಕಡೆ ಚಾಚಿದ್ದ. "ಗುರಣ್ಣ, ನೀ ಓದೂ ಮನ್ಶಾ, ಇದೊಂಚೂರು ನೋಡು, ಸಮಾ ಬರದಿದ್ರಾ?" ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ. "ಸರ್ಕಾರಿ ಕನ್ನಡ ಹಾಗೇ ಇರ್ತದೆ ಮಾರಾಯಾ, ಬರೆದ ಹಾಗೆ ಮಾಡು" ಎಂದೆ. ಅವನು ಬರೆದ ಹಾಗೆ ಮಾಡಿದ. ಯಾವುದೋ ದೂರದ ದೇಶದ ವರನ ಪಾದಗಳ ಬಗ್ಗೆ ಅಷ್ಟು ಚಿಂತಿಸಿದವನು ಪಕ್ಕದ ಮನೆಯವನ ಸರಪಳಿಯ ಬಗ್ಗೆ ಅರ್ಧ ನಿಮಿಷ ಚಿಂತಿಸಲಿಲ್ಲ. ಯಾರದ್ದಾದರೂ ಪರವಾನಗಿ ಅಮಾನತಾಗಲೇಬೇಕಿದ್ದರೆ ನನ್ನ ಗ್ರಂಥಾಲಯದ ಚೀಟಿಯನ್ನು ಆರು ತಿಂಗಳು ಅಮಾನತಿನಲ್ಲಿಡಿ. ನಾಗೇಶನಿಗೆ ಆ ಪಿಕಪ್ ಬಿಟ್ಟರೆ ಬೇರೆ ಕೆಲಸವಿಲ್ಲ.

ನನ್ನ ಬೇಡಿಕೆ ಇದು. ಸೋಮವಾರದ ವಿಚಾರಣೆಯಲ್ಲಿ ನಾಗೇಶನ ಮೇಲಿನ ನೋಟಿಸನ್ನು ಹಿಂಪಡೆಯಿರಿ, 'ಅಣಕ', 'ಉದ್ಧಟತನ' ಎಂಬ ಮಾತುಗಳನ್ನು ಕಡತದಿಂದ ಹೊಡೆದುಹಾಕಿ. ಅದೇ ವಾರದಲ್ಲಿ ಕೈಪಿಡಿ ಪಡೆದ ಪ್ರತಿ ಚಾಲಕನಿಗೂ ತಿದ್ದುಪಡಿಯ ಚೀಟಿ ತಲುಪಿಸಿ, ಏಕೆಂದರೆ ಚಿತ್ತಾಕುಲ ಮತ್ತು ದೇವಬಾಗದಲ್ಲಿ ಈಗಲೂ ಐದು ಜನ ಕಾಲೆತ್ತಿ ದಾಟಿ ರಸ್ತೆಗಿಳಿಯುತ್ತಿದ್ದಾರೆ, ತಂಗುದಾಣಗಳಲ್ಲಿ ಜನ ಕೂತಿದ್ದಾರೆ. ಚೀಟಿಯ ಒಕ್ಕಣೆಗೆ ಸಮಿತಿ ಬೇಡ. ಹೊನ್ನಿ ಮತ್ತು ನಾನು ಕೂತು ಬರೆದಿದ್ದೇವೆ: "ಎರಡು ಸರಪಳಿಗಳನ್ನು ಮೂಕಿಯ ಕೆಳಗೆ ಕತ್ತರಿಯಂತೆ ಅಡ್ಡ ಹಾಯಿಸಿ, ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಸಿಕ್ಕಿಸಿ. ತಿರುವಿನಲ್ಲಿ ಬಿಗಿಯದಷ್ಟು ಸಡಿಲ ಇರಲಿ, ನೆಲಕ್ಕೆ ಎಳೆಯದಷ್ಟು ಗಿಡ್ಡ ಇರಲಿ. ಕೊಂಡಿ ಕಳಚಿದರೆ ಮೂಕಿ ನೆಲಕ್ಕೆ ತಾಗದೆ ಸರಪಳಿಯ ತೊಟ್ಟಿಲಲ್ಲಿ ಕೂರಬೇಕು." ತೊಟ್ಟಿಲು ಎಂಬ ಪದ ಹೊನ್ನಿಯದು.

ಇಂದು ಬೆಳಿಗ್ಗೆ ನಾಗೇಶ ಟ್ರೇಲರ್ ಕಟ್ಟುವುದನ್ನು ನೋಡುತ್ತಿದ್ದೆ. ಮೂಕಿ ಎತ್ತಿ ನೋಡಿದ. ಹೊಸ ಪಿನ್ ಹಾಕಿದ. ಸರಪಳಿಗಳನ್ನು ಕೆಳಗಿನಿಂದ ಕತ್ತರಿ ಹಾಯಿಸಿ ಸಿಕ್ಕಿಸಿದ. ಆಮೇಲೆ ಅವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ತುಟಿ ಅಲ್ಲಾಡಿಸುತ್ತ, ಬಲಗಾಲೆತ್ತಿ ದಾಟಿದ.

"ಮತ್ತೆ ಯಾಕೋ ಅದು?" ಎಂದೆ.

"ಪುಸ್ತಕ ಇನ್ನೂ ತಿದ್ದಲಿಲ್ಲಲಾ ಗುರಣ್ಣ," ಎಂದ. "ಅಡ್ಡ ಹಾಕಿದ್ದು ಬೊಮ್ಮಕ್ಕನಿಗೆ. ದಾಟಿದ್ದು ಸಾಹೇಬ್ರಿಗೆ."

ಇಂತಿ,
ಏಳನೆಯ ನಿಯಮವನ್ನು ಓದಬೇಕಾದ ಹೊತ್ತಿಗೆ ಓದದೆ ಹೋದ,
ಗುರುಪ್ರಸಾದ
ಭಾವಿಕೇರಿ, ಅಂಕೋಲಾ ತಾಲೂಕು