ಯಾರ ಎಡ?

ಮಾರ್ಚ್ ೧೪, ಮಂಗಳವಾರ

ನಾನು ವಿಮಾನದ ಮೂಗಿನ ಕಡೆ ನಿಂತಿದ್ದೆನೋ, ಬಾಲದ ಕಡೆಯೋ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುತ್ತಿಲ್ಲ.

ಇವತ್ತು ತರಬೇತಿ ವಿಮಾನದ ರೆಕ್ಕೆಯ ಕೇಬಲ್ ಬದಲಿಸಿದೆವು. ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದರೆ ಎಡರೆಕ್ಕೆಯ ಹಿಂಬದಿಯ ಪಟ್ಟಿ ಮೇಲೇಳಬೇಕು, ಬಲಗಡೆಯದು ಇಳಿಯಬೇಕು. ಆಗ ವಿಮಾನ ಎಡಕ್ಕೆ ವಾಲುತ್ತದೆ. ಕೇಬಲ್ ಅದಲುಬದಲಾದರೆ ಎಲ್ಲವೂ ಉಲ್ಟಾ. ಮೇಸ್ತ್ರಿ ಒಳಗೆ ಕೂತು ಎಡಕ್ಕೆ ತಿರುಗಿಸಿ, "ಎಡ ಮೇಲ್ ಬಂತಾ?" ಎಂದು ಕೂಗಿದರು. "ಬಂತು!" ಎಂದೆ. ಆದರೆ ಎದುರಿಗೆ ನಿಂತಿದ್ದರೆ ನನ್ನ ಎಡ ವಿಮಾನದ ಬಲ!

ರಾತ್ರಿ ಮನೆಯಲ್ಲಿ ಊಟದ ತಟ್ಟೆಯನ್ನೇ ಸ್ಟೀರಿಂಗ್ ಮಾಡಿ, ಗಂಡನ ಕೈಗೆ ಕೊಟ್ಟು, ಎಡಕ್ಕೆ ತಿರುಗಿಸಿ ಎಂದೆ. "ನಿನ್ ಎಡಕ್ಕಾ, ನನ್ ಎಡಕ್ಕಾ?" ಎಂದರು. ನಾಳೆ ಬೆಳಗ್ಗೆ ಆ ವಿಮಾನದಲ್ಲಿ ಇಬ್ಬರು ಹಾರುವವರಿದ್ದಾರೆ.

ಮೇಸ್ತ್ರಿಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು. "ನಂಗೂ ಅದೇ ಯೋಚ್ನೆ ಕಣಮ್ಮ. ನಾವು ಮತ್ತೆ ನೋಡೋವರೆಗೂ ಗಾಡಿ ಮುಟ್ಬೇಡಿ ಅಂತ ಹೇಳಿಟ್ಟಿದ್ದೀನಿ. ಈ ಸಲ ಎಡ ಬಲ ಬೇಡ. ಗೋಡೆ ಕಡೆ ರೆಕ್ಕೆ ಅನ್ನು, ಸಾಕು."

ಸಮಾಧಾನವಾಗಿ ದೀಪ ಆರಿಸಿದೆ. ಈಗ ಮತ್ತೆ ಎದ್ದು ಹಾಕಿದ್ದೇನೆ. ನಮ್ಮ ಶೆಡ್ಡಿನಲ್ಲಿ ಎರಡೂ ಕಡೆ ಗೋಡೆಯಿದೆಯಲ್ಲ…