ಗುರುಪಾದಪ್ಪನವರು ತಂದ ಎರಡು ಪಾಲಿಸಿ

೧೪ ಮೇ, ಬುಧವಾರ. ವಾಕಡ

ಬಲಗೈ ಬಾತುಕೊಂಡಿದೆ. ಅಣ್ಣನ ಹಲ್ಲು ತಾಗಿದ ಜಾಗ ಪೆನ್ನು ಹಿಡಿದರೆ ಉರಿಯುತ್ತದೆ.

ನಮ್ಮ ಮನೆಯವರ ಸಿಂಗಾಪುರದ ಪ್ರವಾಸಕ್ಕೆ ವಿಮೆ ಮಾಡಿಸಲು ಸಂಜೆ ಗುರುಪಾದಪ್ಪನವರು ಬಂದಿದ್ದರು. ಬೇರೆ ಏಜೆಂಟ್ ಸಿಗಲಿಲ್ಲವೇ ಅಣ್ಣನಿಗೆ? ಅವನ ಮಗಳು ರೇಣುವಿಗೆ ಮದುವೆ ಗೊತ್ತಾದ ಹುಡುಗನ ಸ್ವಂತ ಕಾಕಾ ಅವರು. ಎರಡು ಪಾಲಿಸಿ ತೋರಿಸಿದರು. ದೊಡ್ಡದರಲ್ಲಿ ಮಾತ್ರ ಹಳೆಯ ಕಾಯಿಲೆಯ ಚಿಕಿತ್ಸೆಯೂ ಸೇರುತ್ತದೆ.

"ಯಾರಿಗರ ಹಳೇ ಜಡ್ಡು ಅದ ಏನ್ರಿ?"

"ನಮ್ಮನ್ಯಾಗ ಯಾರಿಗೂ ಏನೂ ಇಲ್ರಿ. ಸಣ್ಣದ ಸಾಕು," ಎಂದ ಅಣ್ಣ.

ಒಂಬತ್ತು ವರ್ಷದಿಂದ ಮೂರ್ಛೆಗೆ ಗುಳಿಗೆ ನುಂಗುತ್ತಿರುವ ರೇಣು ಅಲ್ಲೇ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ.

"ರೇಣುಗ ಫಿಟ್ಸ್ ಬರ್ತಾವ್ರಿ."

ಅಣ್ಣ ಎಸೆದ ಹಿತ್ತಾಳೆ ತಂಬಿಗೆ ಹಾರಿ ಬಂದು ನನ್ನ ಹುಬ್ಬು ಒಡೆಯಿತು. ಅಣ್ಣನ ಕುತ್ತಿಗೆ ಹಿಡಿದು ತಲೆಯನ್ನು ಶೋಕೇಸಿಗೆ ಬಡಿದೆ. ಗಾಜು ಚೂರಾಯಿತು. ಬಾಯಿಗೆ ಗುದ್ದಿದೆ, ಮತ್ತೆ ಗುದ್ದಿದೆ. ಗುರುಪಾದಪ್ಪನವರು ಚಪ್ಪಲಿ ಬಿಟ್ಟು ಓಡಿದರು.

ರಕ್ತ ಮೆತ್ತಿದ ಗಾಜು ಗುಡಿಸುತ್ತ ರೇಣು ಹೇಳಿದಳು: "ಹುಡುಗಗ ನಾ ಮೊದಲ ದಿನಾನ ಹೇಳೀನಿ, ಕಾಕಾ. ಗುರುಪಾದಪ್ಪನವರಿಗೂ ಗೊತ್ತಿತ್ತು. ಅದಕ್ಕ ಆ ದೊಡ್ಡ ಪಾಲಿಸಿ ತಂದಿದ್ರು."

ಅವಳಿಗಾಗಿ ಹೊಡೆದೆ ಎಂದು ಬರೆಯಲು ಕೂತೆ. ಸುಳ್ಳು. ಎರಡನೆಯ ಗುದ್ದಿಗೆ ಅವಳ ನೆನಪೇ ಇರಲಿಲ್ಲ. ಎಷ್ಟು ಹಿತವಾಗಿತ್ತು!

ಪಕ್ಕದ ಕೋಣೆಯಲ್ಲಿ ಅಣ್ಣ ಕೆಮ್ಮಿದ. ಕೈ ಮತ್ತೆ ಮುಷ್ಟಿಯಾಗುತ್ತಿದೆ, ಪೆನ್ನಿನ ಸಮೇತ