ತೋಟಕ್ಕೊಂದು ಕಣ್ಣು

೩ ಇಸ್ಫಂದಾರ್, ಫಸಲಿ ೧೩೫೩ (ಇಂಗ್ಲಿಷ್ ಲೆಕ್ಕಕ್ಕೆ ಜನವರಿ ೧೯೪೪). ರಂಗಂಪೇಟೆ. ಬೆಳಿಗ್ಗೆ

ಕೆಮ್ಮಣ್ಣು ನೆನೆಹಾಕಿದೆ. ಹಲಗೆಗೆ ಬಟ್ಟೆ ಅಂಟಿಸಿ ಸುಣ್ಣ ಬಳಿದಾಯಿತು. ಒಣಗಲಿ.

ಅಕ್ಷರ ದೊಡ್ಡದಾಗಿ ಬರೆಯುತ್ತಿದ್ದೇನೆ — ಪುಟಕ್ಕೆ ಎಂಟೇ ಸಾಲು. ಎರಡೂ ಕಣ್ಣಿಗೆ ಪೊರೆ. ಇನ್ನೂ ಬಲಿತಿಲ್ಲ, ಬಲಿತ ಮೇಲೆ ಹೈದರಾಬಾದಿಗೆ ಹೋಗಿ ತೆಗೆಸಿ ಎಂದು ಯಾದಗಿರಿಯ ಡಾಕ್ಟರು ಹೇಳಿದ್ದಾರೆ. ಹೆಂಡತಿ ದುರಗಮ್ಮನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅವಳಿಂದ ಮುಚ್ಚಿಡುವುದು ನನ್ನಿಂದಾಗದ ಮಾತು.

ನಿನ್ನೆ ಶಹಾಪುರದ ಹೆಡ್‌ಮಾಸ್ತರ ಮನ್ಸೂರಅಲಿ ಸಾಹೇಬರು ಒಂದು ಕಿತಾಬು ಇಟ್ಟುಹೋದರು. ಹೈದರಾಬಾದಿನಿಂದ ಎರವಲು ತಂದದ್ದು. ಅದರಲ್ಲಿ ಫ್ರಾನ್ಸ್ ದೇಶದವನು ಯಾರೋ ಬರೆದ ಹೂದೋಟದ ಚಿತ್ರ. ಅದನ್ನೇ ದೊಡ್ಡದಾಗಿ ಕೈಯಿಂದ ಬರೆದುಕೊಡಬೇಕಂತೆ. ಅವರ ತಾಯಿ ಶರೀಫಾಬೀ ಸೊಂಟ ಮುರಿದು ವರ್ಷದಿಂದ ಮಂಚ ಹಿಡಿದಿದ್ದಾರೆ. ಮಂಚದ ಎದುರಿನ ಗೋಡೆಗೆ ಬೇಕು.

ಒಪ್ಪಿಕೊಂಡುಬಿಟ್ಟೆ. ಹಿಂದಿನ ಚಿತ್ರದಂತೆ ಇದೂ ಕೆಟ್ಟರೆ ಕುಂಚಗಳನ್ನು ಕಟ್ಟಿ ಅಟ್ಟಕ್ಕೆ ಹಾಕುವುದೇ. ನಲವತ್ತು ವರ್ಷ ದೇವರನ್ನೂ ರಾಜರನ್ನೂ ಬರೆದ ಕೈ… ಬೇರೇನೂ ಕಲಿತಿಲ್ಲ.

೮ ಇಸ್ಫಂದಾರ್

ಕೆಟ್ಟಿತು.

ನಮ್ಮ ಪದ್ಧತಿ — ಮೊದಲು ಕೆಮ್ಮಣ್ಣಿನ ಗೆರೆ, ಆಮೇಲೆ ಗೆರೆಯೊಳಗೆ ಬಣ್ಣ. ಹೂವೆಂದರೆ ಐದು ಎಸಳು, ಅಪ್ಪ ಕಲಿಸಿದ್ದು. ಕಿತಾಬಿನ ಹೂಗಳಿಗೆ ಎಸಳೇ ಇಲ್ಲ. ಪಾಪ, ಫ್ರಾನ್ಸಿನವನು ಅವಸರದಲ್ಲಿ ಬಿಟ್ಟಿದ್ದಾನೆ, ನಾನು ತುಂಬಿಕೊಡೋಣ ಎಂಬ ಜಂಬ ಬೇರೆ ನನಗೆ. ಮೂರು ದಿನ ಕೂತು ಒಂದೊಂದು ಹೂವಿಗೂ ಐದೈದು ಎಸಳು ಬರೆದೆ.

ದುರಗಮ್ಮ ನೋಡಿ ಬಟ್ಟಲು ತೊಳೆಯಲು ಎದ್ದುಹೋದಳು. ಅವಳು ಹಾಗೆ ಎದ್ದುಹೋದರೇ ನನಗೆ ಭಯ. ಒತ್ತಾಯ ಮಾಡಿ ಕೇಳಿದೆ.

“ಗೆರಿ ಒಂದ್ ಕಡಿ, ಬಣ್ಣ ಒಂದ್ ಕಡಿ ಹೋಗ್ಯಾವ್ರಿ.”

ಹಲಗೆಯನ್ನು ಗೋಡೆಗೆ ಮುಖ ಮಾಡಿ ಇಟ್ಟೆ.

೧೪ ಇಸ್ಫಂದಾರ್, ಸಂಜೆ

ಆರು ದಿನ ಹಲಗೆ ಮುಟ್ಟಿರಲಿಲ್ಲ. ಇವತ್ತು ದುರಗಮ್ಮ ಮನೆ ಸಾರಿಸುವಾಗ ಕಿತಾಬನ್ನು ಅಂಗಳದ ಒರಳಿಗೆ ಒರಗಿಸಿ ಇಟ್ಟಿದ್ದಳು, ಪುಟ ತೆರೆದೇ ಇತ್ತು. ಬಾವಿಯಿಂದ ಬಂದವನು ಬಾಗಿಲಲ್ಲೇ ನಿಂತುಬಿಟ್ಟೆ. ತೋಟ! ನಮ್ಮ ಕುಸುಬಿ ಹೊಲ ಬಿಸಿಲಿಗೆ ಕಾಣುತ್ತದಲ್ಲ, ಹಾಗೆ. ಗಾಳಿ ಕೂಡ ಇತ್ತು ಅದರಲ್ಲಿ. ಹತ್ತಿರ ಹೋದೆ — ಬರೀ ಬಣ್ಣದ ಮುದ್ದೆ. ಹಿಂದೆ ಸರಿದೆ — ತೋಟ.

ಅವನು ಎಸಳು ಮರೆತಿಲ್ಲ. ಅವನಿಗೆ ಬೇಕಿರಲಿಲ್ಲ. ಗೆರೆಯಿಲ್ಲದ ಲೋಕ… ಪೊರೆ ಬಂದಾಗಿನಿಂದ ನನಗೆ ಕಾಣುವುದೂ ಇದೇ ತಾನೇ?

ಹಲಗೆ ಪೂರ್ತಿ ತೊಳೆದು ಹಾಕಿದೆ. ಮತ್ತೆ ಸುಣ್ಣ.

೨೩ ಇಸ್ಫಂದಾರ್

ದಪ್ಪ ಕುಂಚ. ಗೆರೆ ಇಲ್ಲ. ಒಂದು ಮುದ್ದೆ ಇಡುವುದು, ಬಾಗಿಲವರೆಗೆ ಹೋಗಿ ನೋಡುವುದು. ದಿನವೆಲ್ಲ ಇದೇ ಓಡಾಟ. ನನ್ನ ಕಣ್ಣಿಗೆ ನೀಲಿ ಹಸಿರು ಎರಡೂ ಒಂದೇ. ಹಾಗಾಗಿ ದುರಗಮ್ಮ ಬಣ್ಣ ಅರೆದು ಬಟ್ಟಲು ಸಾಲಾಗಿಟ್ಟು ಎಡದಿಂದ ಹೆಸರು ಹೇಳುತ್ತಾಳೆ. ಯುದ್ಧದಿಂದಾಗಿ ವಿಲಾಯತಿ ಬಣ್ಣ ಸಿಗುವುದಿಲ್ಲ, ನಮ್ಮ ಅರಿಸಿನ ನೀಲಿಗಳೇ ಗತಿ. ಪರವಾಗಿಲ್ಲ, ಹೊಂದಿಕೊಂಡಿವೆ.

ಆ ಫ್ರಾನ್ಸಿನವನು ಇದ್ದಾನೋ ಇಲ್ಲವೋ. ಅವನಿದ್ದ ದಿಕ್ಕೂ ಗೊತ್ತಿಲ್ಲ. ಸುಮ್ಮನೆ ಕಿತಾಬಿಗೇ ಕೈ ಮುಗಿದೆ. ದುರಗಮ್ಮ ನಕ್ಕಳು. ನಗಲಿ. ನನಗೆ ಕೈ ವಾಪಸು ಕೊಟ್ಟವನು ಅವನು.

೨೯ ಇಸ್ಫಂದಾರ್, ಸೂರ್ಯೋದಯ

ಮುಗಿಯಿತು ಅನ್ನುವಂತಿಲ್ಲ. ಕೊನೆಗೆ ಕಣ್ಣು ಬಿಡಿಸದೆ ನಮ್ಮ ಮನೆಯಿಂದ ಚಿತ್ರ ಹೊರಗೆ ಹೋಗಿಲ್ಲ. ಬೆಳಗಿನ ಹೊತ್ತು, ಖಾಲಿ ಹೊಟ್ಟೆ, ಒಂದೇ ಚುಕ್ಕೆ — ಆಗಲೇ ಚಿತ್ರಕ್ಕೆ ಜೀವ. ಈ ತೋಟದಲ್ಲಿ ಕಣ್ಣಿರುವ ಜೀವವೇ ಇಲ್ಲ. ಕುರುಡು ಚಿತ್ರವನ್ನು ಮಂಚ ಹಿಡಿದವರ ಎದುರು ಹೇಗೆ ಇಡಲಿ? ನಿನ್ನೆ ಮೂಲೆಯಲ್ಲಿ ಒಂದು ಗೊರವಂಕ ಕೂರಿಸಿದ್ದೆ. ಅದರ ಕಣ್ಣು ಸಾಸಿವೆಯಷ್ಟು. ನನಗೆ ಹಕ್ಕಿಯ ತಲೆಯೇ ಮಸುಕು.

ಕುಂಚವನ್ನು ದುರಗಮ್ಮನ ಕೈಗೆ ಕೊಟ್ಟೆ. ಮೂವತ್ತು ವರ್ಷ ಬಣ್ಣ ಅರೆದವಳು, ಚಿತ್ರ ಮುಟ್ಟಿದವಳಲ್ಲ. ನಮ್ಮಲ್ಲಿ ಹೆಂಗಸರು ಮುಟ್ಟುವ ರೂಢಿಯೇ ಇಲ್ಲ.

“ನನ್ನ ಕೈ ನಡಗತಾವ್ರಿ.”

“ನಿನ್ನ ಕಣ್ಣ ನಡಗೂದಿಲ್ಲಲ್ಲ. ಇಡು.”

ಇಟ್ಟಳು. ಹಕ್ಕಿ ತಿರುಗಿ ನೋಡಿತಂತೆ. ಅವಳು ಹೇಳಿದ್ದು.

೨ ಫರವರ್ದಿ (ಫೆಬ್ರವರಿ)

ಬಸ್ಸಿನಲ್ಲಿ ಶಹಾಪುರ. ಹಲಗೆ ತೊಡೆಯ ಮೇಲೆ. ಮನ್ಸೂರಅಲಿ ಸಾಹೇಬರು ಕಿತಾಬು ಪಕ್ಕಕ್ಕಿಟ್ಟು ಹೋಲಿಸಿದರು. ಅವರ ಬೆರಳು ಹಕ್ಕಿಯ ಮೇಲೆ ನಿಂತಿತು.

“ಇದು ಕಿತಾಬಿನ್ಯಾಗ ಇಲ್ಲಲ್ರಿ, ಯಂಕಣ್ಣ.”

ಎಲ್ಲ ಹೇಳಿಬಿಟ್ಟೆ. ಪದ್ಧತಿ, ಪೊರೆ, ದುರಗಮ್ಮ ಇಟ್ಟ ಚುಕ್ಕೆ. ಹಕ್ಕಿ ಅಳಿಸಿ ಅಂದರೆ ಅಳಿಸಬೇಕು. ಕಣ್ಣಿಲ್ಲದವನ ಕೆಲಸ ಬೇಡ ಅಂದರೆ ಹೊತ್ತು ತರಬೇಕು. ಅವರು ತಾಯಿಯ ಕಡೆ ತಿರುಗಿದರು. ಮಂಚದಿಂದ ಶರೀಫಾಬೀ ಮಾತಾಡಿದರು.

“ಬೇಟಾ, ಹಕ್ಕಿ ಮುಟ್ಟಬ್ಯಾಡ. ವರ್ಷಾತು ನಾ ಈ ಗ್ವಾಡಿ ನೋಡ್ಕೋತ ಬಿದ್ದು. ಈಗ ಗ್ವಾಡಿ ನನ್ನ ನೋಡಾಕತ್ತದ.”

ನನಗೆ ಅಳು ಬಂತು. ಯಾಕೆ ಮುಚ್ಚಿಡಲಿ, ಅತ್ತುಬಿಟ್ಟೆ.

ಸಾಹೇಬರು ಮೊಳೆ ತಾವೇ ಹೊಡೆದರು. ಕೆಳಗೆ ಹೆಸರಿಲ್ಲವಲ್ಲ ಎಂದರು. ಬರುವ ಶುಕ್ರವಾರ ಕುಂಚ ತಂದು ಬರೆಯುತ್ತೇನೆ, ಇಬ್ಬರದೂ ಎಂದೆ.

೫ ಫರವರ್ದಿ

ಹೊಸ ಹಲಗೆ ಒಣಗುತ್ತಿದೆ. ಇದರ ಮೇಲೆ ಕುಸುಬಿ ಹೊಲ, ಈ ಸಲ ನಮ್ಮದೇ.

ಶುಕ್ರವಾರ ದುರಗಮ್ಮನೂ ಬರುತ್ತಾಳೆ. ತನ್ನ ಹೆಸರು ನಾನು ಬರೆಯುವುದು ಬೇಡವಂತೆ, ತಾನೇ ಬರೆಯುತ್ತಾಳಂತೆ! ಓದು ಬಾರದವಳು. ಬೆಳಿಗ್ಗೆಯಿಂದ ಅಂಗಳದ ಮಣ್ಣಿನಲ್ಲಿ ತಿದ್ದಿಸುತ್ತಿದ್ದೇನೆ. ನನಗೂ ಕಾಣಲೆಂದು ಒಂದೊಂದು ಅಕ್ಷರ ಮೊರದಗಲ ಬರೆಯುತ್ತಾಳೆ. ‘ದು’ ಬಂತು. ‘ರ’ ಕೂಡ ಬಂತು. ಇನ್ನು ‘ಗ’. ಕರೆಯುತ್ತಿದ್ದಾಳೆ, ಹೋಗಿ ನೋಡಿ ಬಂದು ಬರೆ—